ಹಿಂಸೆಯಿಂದ ಪಾರಾಗಿ ಬಂದ ಹೆಂಗಸರ ಜೊತೆ ಕೆಲಸ: ಅನುದಾನ ಪಡೆದವರು ಅನುಭವ ಹೇಳಿ

ಕೇಳಿದವರು, ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನಿಂದ:

ನಮಸ್ಕಾರ. ನಾವು ನಾಲ್ಕು ಜನ ಹೆಂಗಸರು ಸೇರಿ ಸಣ್ಣ ಸಂಸ್ಥೆ ನಡೆಸುತ್ತಿದ್ದೇವೆ. ಆರು ವರ್ಷವಾಯಿತು. ಮನೆಯಲ್ಲಿ ಹೊಡೆತ ತಿಂದು ಬಂದವರ ಮಾತು ಕೇಳುತ್ತೇವೆ, ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಅವರ ಜೊತೆ ಹೋಗುತ್ತೇವೆ. ಇಷ್ಟು ದಿನ ಊರಿನ ದಾನಿಗಳ ದುಡ್ಡಿನಲ್ಲಿ ನಡೆಯಿತು. ಈಗ ಹಳ್ಳಿಗಳಲ್ಲಿ ಗಸ್ತು ತಿರುಗುವ ಬೀಟ್ ಪೊಲೀಸರ ಜೊತೆ ಸೇರಿ ಕೆಲಸ ಮಾಡುವ ಆಸೆ ಇದೆ. ನಿರ್ಭಯಾ ನಿಧಿಗೆ ಅರ್ಜಿ ಹಾಕಿ ಅಂತ ಒಬ್ಬರು ಹೇಳಿದರು. ಹೇಗೆ ಹಾಕುವುದು? ಬೇರೆ ದಾರಿ ಇದೆಯಾ?

ಆಪ್ತ ಸಮಾಲೋಚಕಿ, ಹಾಸನದ ಕಡೆಯವರು:

ಅಕ್ಕಾ, ನಿರ್ಭಯಾ ನಿಧಿಯ ಹಿಂದೆ ನಾನೂ ಒಂದು ವರ್ಷ ಓಡಾಡಿದ್ದೇನೆ. 2013ರ ಕೇಂದ್ರ ಬಜೆಟ್‌ನಲ್ಲಿ ಹೆಂಗಸರ ಸುರಕ್ಷತೆಗೆ ಅಂತ 1,000 ಕೋಟಿ ರೂಪಾಯಿ ಇಟ್ಟು ಶುರು ಮಾಡಿದ ನಿಧಿ ಅದು. ನಮ್ಮಂಥ ಸಂಸ್ಥೆ ನೇರವಾಗಿ ಹೋಗಿ ಕೇಳುವಂಥದ್ದಲ್ಲ. ರಾಜ್ಯ ಸರ್ಕಾರ ಇಲ್ಲವೇ ಕೇಂದ್ರದ ಇಲಾಖೆ ಯೋಜನೆ ಕಳಿಸಬೇಕು, ದಿಲ್ಲಿಯ ಅಧಿಕಾರಿಗಳ ಸಮಿತಿ ಒಪ್ಪಬೇಕು. ಬೆಂಗಳೂರಿನ ಸೇಫ್ ಸಿಟಿ ಯೋಜನೆಗೆ 667 ಕೋಟಿ ಒಪ್ಪಿಗೆ ಆದದ್ದು ಹೀಗೇ. ದೇಶದ 10,000 ಠಾಣೆಗಳಲ್ಲಿ ಮಹಿಳಾ ಸಹಾಯ ಡೆಸ್ಕ್ ಮಾಡಲು ಠಾಣೆಗೆ ಒಂದು ಲಕ್ಷದಂತೆ ಕೊಟ್ಟದ್ದೂ ಇದೇ ನಿಧಿಯಿಂದ.

ಆ ಡೆಸ್ಕಿನ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಆದರೆ ವಕೀಲರು, ಮನಶ್ಶಾಸ್ತ್ರಜ್ಞರು, ಸ್ವಯಂಸೇವಾ ಸಂಸ್ಥೆಗಳ ಪಟ್ಟಿಯನ್ನು ಡೆಸ್ಕಿನವರು ಇಟ್ಟುಕೊಳ್ಳಬೇಕು ಅಂತ ಯೋಜನೆಯಲ್ಲೇ ಇದೆ. ನಿಮ್ಮ ಠಾಣೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮುಂದೆ ಯಾವ ಅನುದಾನ ಕೇಳಿದರೂ ಆ ಕಾಗದ ಕೆಲಸಕ್ಕೆ ಬರುತ್ತದೆ.

ದುಡ್ಡು ನಿಜವಾಗಿ ಬರುವ ಬಾಗಿಲು ಕಡಿಮೆ. ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವು ಕೊಡುವ ರಾಜ್ಯದ ಸಾಂತ್ವನ ಯೋಜನೆ ಸಂಸ್ಥೆಗಳ ಮೂಲಕವೇ ನಡೆಯುತ್ತದೆ, ಆದರೆ ಇಲಾಖೆ ಅರ್ಜಿ ಕರೆದಾಗ ಮಾತ್ರ ಹಾಕಬಹುದು. ಉಳಿಯಲು ಜಾಗ ನಡೆಸುವ ಶಕ್ತಿ ಇದ್ದರೆ ಶಕ್ತಿ ಸದನ ಇದೆ. ಕಷ್ಟದಲ್ಲಿರುವ ಹೆಂಗಸರ ಹಳೆಯ ಸ್ವಾಧಾರ ಗೃಹ, ಮಾನವ ಸಾಗಣೆಗೆ ಸಿಕ್ಕವರ ಉಜ್ವಲಾ ಎರಡನ್ನೂ ಸೇರಿಸಿ ಕೇಂದ್ರದ ಮಿಷನ್ ಶಕ್ತಿ ಯೋಜನೆಯಲ್ಲಿ ಮಾಡಿದ್ದು, ಕೇಂದ್ರ 60, ರಾಜ್ಯ 40 ಪಾಲು. ನಾಲ್ಕು ಜನ ಇರುವಾಗ ಅದಕ್ಕೆ ಕೈ ಹಾಕಬೇಡಿ ಅಂತಲೇ ನಾನು ಹೇಳುವುದು. ಹಗಲು ರಾತ್ರಿ ಕಾವಲು ಬೇಕು, ಅಡುಗೆ ಬೇಕು, ದುಡ್ಡು ಮಾತ್ರ ತಡವಾಗಿ ಬರುತ್ತದೆ. ಮೂರನೆಯದು ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ದುಡ್ಡು.

ಬಾಗಿಲು ಯಾವುದಾದರೂ ಆಗಲಿ, ಬಜೆಟ್‌ನಲ್ಲಿ ಒಂದು ಸಾಲು ಬಿಟ್ಟುಹೋಗಬಾರದು. ನಮಗೆ ಆದದ್ದು ಹೇಳುತ್ತೇನೆ. ಒಂದು ಮಳೆಗಾಲದ ರಾತ್ರಿ, ಹನ್ನೊಂದು ದಾಟಿತ್ತು. ಒಬ್ಬಳು ಹುಡುಗಿ ಮಗು ಎತ್ತಿಕೊಂಡು ಬಾಗಿಲಿಗೆ ಬಂದಳು. ಮೈಮೇಲೆ ನೈಟಿ, ಕಾಲಲ್ಲಿ ಚಪ್ಪಲಿ ಇಲ್ಲ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಮಗುವಿನ ಲಸಿಕೆ ಬರೆದಿಡುವ ತಾಯಿ ಕಾರ್ಡ್ ಮಾತ್ರ. ಅದೊಂದು ನೆನೆಯದ ಹಾಗೆ ಎರಡು ಗಂಟು ಹಾಕಿದ್ದಳು. ಇಂಥವರಿಗೆ ಎಲ್ಲಾ ನೆರವೂ ಒಂದೇ ಕಡೆ ಕೊಡುವ ಸರ್ಕಾರದ ಸಖಿ ಕೇಂದ್ರ ಇರುವುದು ಜಿಲ್ಲಾ ಕೇಂದ್ರದಲ್ಲಿ, ನಮ್ಮಿಂದ 42 ಕಿಲೋಮೀಟರ್. ಆಟೋದವನು 900 ಕೇಳಿದ, ಕೊಟ್ಟೆವು. ಆ ವರ್ಷದ ಅನುದಾನದಲ್ಲಿ ಬ್ಯಾನರಿಗೆ ದುಡ್ಡಿತ್ತು, ತರಬೇತಿಗೆ ಇತ್ತು, ಟೀ ತಿಂಡಿಗೆ ಇತ್ತು. ಆಟೋಗೆ ಇರಲಿಲ್ಲ. ಟೀ ದುಡ್ಡಿನಲ್ಲಿ ಕೊಟ್ಟದ್ದಕ್ಕೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬಂತು, ನಾವೇ ತುಂಬಿದೆವು.

ಅಂದಿನಿಂದ ಎಲ್ಲಾ ಬಜೆಟ್‌ನಲ್ಲೂ 'ತುರ್ತು ನೆರವು' ಅಂತ ಬೇರೆ ಸಾಲು ಹಾಕುತ್ತೇವೆ. ವಾಹನ, ಊಟ, ಬಟ್ಟೆ, ಔಷಧಿ, ಜೆರಾಕ್ಸ್ ಅಂತ ಬಿಡಿಸಿ ಬರೆಯುತ್ತೇವೆ. ಇದೇಕೆ ಇಷ್ಟು ಅಂತ ಕೇಳುತ್ತಾರೆ. ಹಿಂದಿನ ವರ್ಷದ ಕರೆ ಪುಸ್ತಕ ತೆಗೆದು ತೋರಿಸಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ದೂರ ಹೋದಿರಿ ಅನ್ನುವುದು ಅದರಲ್ಲಿ ಇದ್ದರೆ ಯಾರೂ ಆ ಸಾಲು ಹೊಡೆಯುವುದಿಲ್ಲ. ಇನ್ನೊಂದು, ಸಖಿಯಲ್ಲಿ ಐದು ದಿನದವರೆಗೆ ಇರಬಹುದು. ಆರನೆಯ ದಿನ ಎಲ್ಲಿ ಅನ್ನುವುದಕ್ಕೂ ಬಜೆಟ್ ಬೇಕು.

ಸಂಸ್ಥೆಗಳ ಲೆಕ್ಕ ನೋಡುವವರು:

ಮೇಡಂ, ಸಿಎಸ್‌ಆರ್ ಕೇಳುವ ಮೊದಲು ಕಾಗದ ಸರಿ ಇರಲಿ. 12-ಎ, 80-ಜಿ ಅನ್ನುವ ಆದಾಯ ತೆರಿಗೆ ನೋಂದಣಿ ಬೇಕು. 2021ರ ಏಪ್ರಿಲ್ 1ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಕಡ್ಡಾಯ. ಮೂರು ವರ್ಷದ ಕೆಲಸದ ದಾಖಲೆ ಕೇಳುತ್ತಾರೆ, ನಿಮಗೆ ಆರು ವರ್ಷ ಇದೆ. ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಲಿಂಗ ಸಮಾನತೆ, ಹೆಂಗಸರ ಸಬಲೀಕರಣ ಅಂತ ಇದೆ. ಅರ್ಜಿಯಲ್ಲಿ ಆ ಮಾತುಗಳೇ ಬರಲಿ. ವಿದೇಶದ ದುಡ್ಡು ಬರುವಂತಿದ್ದರೆ, ವಿದೇಶಿ ದೇಣಿಗೆ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ಆಡಳಿತ ಖರ್ಚು ನೂರಕ್ಕೆ ಇಪ್ಪತ್ತು ಮೀರುವಂತಿಲ್ಲ. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವ ಹಾಗೂ ಇಲ್ಲ.

ಸರ್ಕಾರದ ಅನುದಾನಕ್ಕೆ ಹಣ ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನ ಕಂತು ಬರುವುದಿಲ್ಲ. ಕೊಟ್ಟರೂ ತಡವಾಗುತ್ತದೆ. ನನ್ನ ಒಂದು ಸಂಸ್ಥೆಯಲ್ಲಿ ಸಮಾಲೋಚಕಿಗೆ ಏಳು ತಿಂಗಳು ಸಂಬಳ ಇರಲಿಲ್ಲ. ಅವರು ಬಿಟ್ಟು ಹೋದರು. ಅವರನ್ನೇ ನಂಬಿ ಬರುತ್ತಿದ್ದ ಮೂವರು ಹೆಂಗಸರೂ ಬರುವುದು ನಿಲ್ಲಿಸಿದರು. ಕನಿಷ್ಠ ನಾಲ್ಕು ತಿಂಗಳ ಸಂಬಳ ದಾನಿಗಳ ದುಡ್ಡಿನಲ್ಲಿ ಬೇರೆ ತೆಗೆದಿಡಿ. ಇದ್ದ ದಾನಿಗಳನ್ನು ದಯವಿಟ್ಟು ಬಿಡಬೇಡಿ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಕಂಪನಿಯವರು ಫೋಟೊ ಕೇಳುತ್ತಾರೆ, ಫಲಾನುಭವಿಗಳ ಪಟ್ಟಿ ಕೇಳುತ್ತಾರೆ. ಕೊಡಲೇಬೇಡಿ. ಅತ್ಯಾಚಾರದ ಪ್ರಕರಣದಲ್ಲಿ ಸಂತ್ರಸ್ತೆಯ ಗುರುತು ಹೊರಗೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ಬೇರೆ ಪ್ರಕರಣದಲ್ಲೂ ಗಂಡನ ಮನೆಯವರು ಹುಡುಕುತ್ತಿರುತ್ತಾರೆ ಅಲ್ವಾ? ವೋಚರಿನಲ್ಲಿ ಹೆಸರು ಬೇಡ, ಕೇಸ್ ನಂಬರ್ ಮಾತ್ರ ಬರೆಯಿರಿ. ಹೆಸರಿರುವ ಪುಸ್ತಕ ಒಂದೇ ಇರಲಿ, ಬೀರುವಿನಲ್ಲಿ ಬೀಗ ಹಾಕಿಡಿ. ಈ ನಿಯಮವನ್ನು ಒಪ್ಪಂದ ಪತ್ರದಲ್ಲೇ ಮೊದಲು ಬರೆಸಿ. ಅದಕ್ಕೆ ಒಪ್ಪದ ಕಂಪನಿಯ ದುಡ್ಡು ನಿಮಗೆ ಬೇಡ.

ನಿವೃತ್ತ ಎಎಸ್‌ಐ:

ಬೀಟ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ ತಾಯಿ. 2017ರಿಂದ ಒಬ್ಬೊಬ್ಬ ಕಾನ್‌ಸ್ಟೆಬಲ್‌ಗೆ ಒಂದೊಂದು ಬೀಟ್ ವಹಿಸಿದ್ದಾರೆ, ಊರಿನವರನ್ನೂ ಜೊತೆಗೆ ಸೇರಿಸಿಕೊಳ್ಳಬೇಕು ಅಂತ ಇದೆ. 2025ರಲ್ಲಿ ಮನೆ ಮನೆಗೆ ಪೊಲೀಸ್ ಅಂತಲೂ ಶುರುವಾಯಿತು. ಇದಕ್ಕೆ ನಿಮಗೆ ದೊಡ್ಡ ಅನುದಾನ ಬೇಕಿಲ್ಲ. ಪಂಚಾಯಿತಿ ಹಾಲ್, ಹತ್ತು ಕುರ್ಚಿ, ತಿಂಗಳಿಗೆ ಒಂದು ಸಭೆ. ಬೇಕಾದ್ದು ಪ್ರತಿ ಸಲ ಅದೇ ಪೇದೆ ಬರುವುದು. ಅದನ್ನು ಸಬ್ ಇನ್‌ಸ್ಪೆಕ್ಟರ್ ಹತ್ತಿರ ಕೇಳಿ ಬರವಣಿಗೆಯಲ್ಲಿ ಪಡೆಯಿರಿ.

ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಕೋರ್ಟ್ ರಕ್ಷಣಾ ಆದೇಶ ಕೊಟ್ಟರೆ, ಅದರ ಪ್ರತಿ ಠಾಣಾಧಿಕಾರಿಗೂ ಉಚಿತವಾಗಿ ಹೋಗಬೇಕು, ಸೆಕ್ಷನ್ 24. ಆ ಪ್ರತಿ ಠಾಣೆಯ ಕಡತದಲ್ಲೇ ಉಳಿದುಬಿಟ್ಟರೆ ಪ್ರಯೋಜನವಿಲ್ಲ. ನಾನು ಒಂದು ಜೆರಾಕ್ಸ್ ಮಡಚಿ ಬೀಟ್ ಪುಸ್ತಕದೊಳಗೆ ಇಡುತ್ತಿದ್ದೆ. ಆ ಬೀದಿಗೆ ಹೋದಾಗಲೆಲ್ಲ ಆ ಮನೆ ಮುಂದೆ ಗಾಡಿ ನಿಲ್ಲಿಸಿ, 'ಹೇಗಿದ್ದೀಯಮ್ಮಾ' ಅಂತ ಕೇಳಿ ಬರುತ್ತಿದ್ದೆ. ಗಂಡ ಒಳಗಿಂದ ನೋಡುತ್ತಿದ್ದ. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಇಲ್ಲವೇ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಅದು ಅವನಿಗೂ ಗೊತ್ತಿತ್ತು.

ಎಚ್ಚರ ಒಂದೇ. ಬೀಟ್ ಸಭೆಗೆ ಸೇರುವ ಊರಿನ ಸಮಿತಿಯನ್ನು ರಾಜಿ ಪಂಚಾಯಿತಿ ಆಗಲು ಬಿಡಬೇಡಿ. ಹಿರಿಯರು ಕೂತು 'ಹೊಂದಿಕೊಂಡು ಹೋಗಮ್ಮ' ಅಂದ ಮನೆಗಳಿಗೆ ನಾನು ಮತ್ತೆ ಪಂಚನಾಮೆಗೆ ಹೋಗಿದ್ದೇನೆ. ಸಮಿತಿಗೆ ಬಂದ ವಿಷಯ ನಿಮಗೂ ಠಾಣೆಗೂ ತಲುಪಬೇಕು, ಅಲ್ಲಿ ತೀರ್ಮಾನ ಆಗಬಾರದು. ಊರಿನ ಸಾಹುಕಾರರ ಹತ್ತಿರ ಈ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಬೇಡಿ. ನಾಳೆ ಅವರ ಮನೆಯ ಸೊಸೆಯೇ ಬಂದರೆ ಏನು ಮಾಡುತ್ತೀರಿ?

ಹಿಂದೆ ಇಂಥ ಸಂಸ್ಥೆಯ ನೆರವು ಪಡೆದವರು:

ನಾನು ಹೊರಗೆ ಬಂದು ನಾಲ್ಕು ವರ್ಷ. ಬಸ್ಸು ಹೆಂಗಸರಿಗೆ ಉಚಿತ ತಾನೇ ಅಂತ ನಿಮಗೆ ದುಡ್ಡು ಕೊಡುವವರು ಹೇಳಬಹುದು. ಗುರುತಿನ ಚೀಟಿ ತೋರಿಸಬೇಕಲ್ಲ. ನನ್ನ ಆಧಾರ್, ರೇಷನ್ ಕಾರ್ಡ್ ಎಲ್ಲಾ ಗಂಡನ ಬೀರುವಿನಲ್ಲಿತ್ತು. ಹೊಸದಾಗಿ ತೆಗೆಸುವವರೆಗೆ ಟಿಕೆಟ್ ಸಂಸ್ಥೆಯವರೇ ಕೊಟ್ಟರು. ವಕೀಲರಿಗೆ ಕೊಡಬೇಕಾಗಲಿಲ್ಲ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ, ಫೋನ್ 15100.

ಹನ್ನೊಂದು ಸಲ ಕೋರ್ಟಿಗೆ ಹೋದೆ. ಹನ್ನೊಂದು ಸಲವೂ ಅದೇ ಅಕ್ಕ ಪಕ್ಕದಲ್ಲಿ ಕೂತಿದ್ದರು. ಅತ್ತೆ ಮನೆಯವರು ಎದುರು ಬೆಂಚಿನಲ್ಲಿ ಎಂಟು ಜನ ಇರುತ್ತಿದ್ದರು, ನನ್ನ ಕಡೆ ಅವರೊಬ್ಬರೇ. ಆ ಅಕ್ಕನ ಸಂಬಳವನ್ನು ಬಜೆಟ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬರೆಯಿರಿ.

ಕೇಳಿದವರು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಕೌಟುಂಬಿಕ ಹಿಂಸೆ ಕಾಯ್ದೆಯ ಸೆಕ್ಷನ್ 10ರಲ್ಲಿ ಸೇವಾದಾರರಾಗಿ ನೋಂದಣಿ ಮಾಡಿಸಬೇಕು ಅಂತಲೂ ಕೇಳಿದ್ದೇನೆ. ಅದರಿಂದ ಅನುದಾನ ಬರುತ್ತದೆಯಾ?

ಆಪ್ತ ಸಮಾಲೋಚಕಿ:

ದುಡ್ಡು ಬರುವುದಿಲ್ಲ ಅಕ್ಕಾ, ಆದರೆ ತಪ್ಪದೆ ಮಾಡಿಸಿ. ಆಮೇಲೆ ಹಿಂಸೆಯ ವರದಿಯನ್ನು ನೀವೇ ಬರೆದು ಕೋರ್ಟಿಗೂ ರಕ್ಷಣಾಧಿಕಾರಿಗೂ ಕಳಿಸಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಅವರೇ ಈ ಕಾಯ್ದೆಯ ರಕ್ಷಣಾಧಿಕಾರಿ. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸಕ್ಕೆ ಗಂಡನ ಕಡೆಯವರು ನಿಮ್ಮ ಮೇಲೆ ಕೇಸ್ ಹಾಕುವಂತಿಲ್ಲ. ಮೂರು ವರ್ಷದ ಅನುಭವ ಕೇಳುತ್ತಾರೆ. ಬೈಲಾದಲ್ಲಿ ಹೆಂಗಸರ ಹಕ್ಕುಗಳ ರಕ್ಷಣೆ ಸಂಸ್ಥೆಯ ಉದ್ದೇಶ ಅಂತ ಇರಬೇಕು. ಹೋಗುವ ಮೊದಲು ಆ ಪುಟ ತೆಗೆದು ನೋಡಿಕೊಳ್ಳಿ. ಆ ಒಂದು ಸಾಲು ಇಲ್ಲದೆ ನಾವು ಎರಡು ಸಲ ವಾಪಸ್ ಬಂದೆವು.