ಅಪ್‌ಡೇಟ್: ಆರ್‌ಒವಿ ಕೈಗೆ ಸಿಕ್ಕ ಹವಳ ಪುಡಿಯಾಗ್ತಿದ್ದ ಕಥೆ

ಹೋದ ವಾರ ಕೇಳಿದ್ನಲ್ಲ, ಆಳಸಮುದ್ರದ ಬ್ಯಾಂಬೂ ಕೋರಲ್ (ಬಿದಿರಿನ ಥರ ಗಿಣ್ಣು ಗಿಣ್ಣಾಗಿರೋ ಹವಳ) ಆರ್‌ಒವಿ (ಹಡಗಿಂದ ನಡೆಸೋ, ನೀರೊಳಗಿನ ರೋಬೋಟ್) ಕೈಯಿಂದ ಹಿಡಿದ್ರೆ ಪುಡಿಪುಡಿ ಆಗುತ್ತೆ, ಮೇಲೆ ಬರೋಷ್ಟರಲ್ಲಿ ಪಾಲಿಪ್‌ಗಳೆಲ್ಲ (ಹವಳದ ಪುಟ್ಟ ಜೀವಿಗಳು) ಸತ್ತು ಲೋಳೆ ಆಗಿರ್ತವೆ ಅಂತ, ಕೊನೆಗೂ ಸರಿಹೋಯ್ತು!

ಸಕ್ಷನ್ ಪೈಪ್ ಕೆಲಸಕ್ಕೆ ಬರ್ಲಿಲ್ಲ, ಬಂಡೆಗೆ ಅಂಟಿದ ಹವಳ ಅಲ್ಲಾಡ್ಲೂ ಇಲ್ಲ, ಕೆಸರೆದ್ದು ಕ್ಯಾಮೆರಾ ಪೂರ್ತಿ ಮಬ್ಬು, ಸುಮ್ನೆ ಕಾಯ್ತಾ ಕೂತ್ವಿ. ಗ್ರಿಪ್ಪರ್‌ಗೆ (ಆರ್‌ಒವಿಯ ಹಿಡಿಯೋ ಕೈಗೆ) ಸುತ್ತಿದ ಫೋಮ್ ಅಂತೂ ಒತ್ತಡಕ್ಕೆ ಹಪ್ಪಳ ಆಗೋಯ್ತು.

ಕೈಹಿಡಿದಿದ್ದು "ಹಿಡಿದು ಎಳೀಬೇಡಿ, ಕತ್ತರಿಸಿ" ಅಂದವರ ಮಾತು. ಗ್ರಿಪ್ಪರ್ ದವಡೆಗೆ ಬ್ಲೇಡ್ ಕೂರಿಸಿ ಕಂದು ಗಿಣ್ಣಿನ ಹತ್ರಾನೇ ಕಟ್ ಮಾಡಿದ್ವಿ. ಬಿಳಿ ಭಾಗ ಸುಣ್ಣ, ಪಟ್ ಅಂತ ಒಡೆಯುತ್ತೆ, ಗಿಣ್ಣು ಮಾತ್ರ ಪ್ರೋಟೀನು, ಸ್ವಲ್ಪ ಬಗ್ಗುತ್ತೆ. ಒಂದೇ ಒಂದು ಸಣ್ಣ ರೆಂಬೆ ಸಾಕಾಯ್ತು, ಪೂರ್ತಿ ಹವಳ ಕೀಳೋಕೆ ಮನಸ್ಸೂ ಬರಲ್ಲ, ಆಳಸಮುದ್ರದ ಇನ್ನೊಂದು ಬಗೆ, ಕಪ್ಪು ಹವಳ, ಅದರಲ್ಲಿ ಕೆಲವುಗಳ ವಯಸ್ಸು 4,000 ವರ್ಷ ದಾಟಿದೆ ಗೊತ್ತಾ.

ಪಾಲಿಪ್‌ಗಳು ಸತ್ತು ಹೋಗ್ತಿದ್ದಿದ್ದಕ್ಕೆ ಕಾರಣ ಮೇಲಿನ ಬಿಸಿ ನೀರು. ದಪ್ಪ ಗೋಡೆಯ ಬಯೋಬಾಕ್ಸ್ (ಹಿಡಿದ ಜೀವಿ ಇಡೋ ಡಬ್ಬಿ) ಮುಚ್ಚಳ ತಳದಲ್ಲೇ ಹಾಕಿಬಿಟ್ರೆ ಅಲ್ಲಿನ ತಣ್ಣೀರೇ ಜೊತೆಗೆ ಬರುತ್ತೆ, ಈ ಸಲ ಡೆಕ್ ಮೇಲೆ ಪಾಲಿಪ್‌ಗಳು ಬಾಯಿ ಬಿಟ್ಕೊಂಡಿದ್ವು.

ಇನ್ನೊಂದು, ಲೈಟ್ ಆರಿಸಿ ರೆಂಬೆ ಮುಟ್ಟಿದ್ರೆ ನೀಲಿ ಬೆಳಕು ಸರ್ರಂತ ಹರಿಯುತ್ತೆ, ಆರ್‌ಒವಿ ನಡೆಸೋ ಪೈಲಟ್ ಕೆಲಸ ಬಿಟ್ಟು ಅದನ್ನೇ ನೋಡ್ತಾ ಕೂತ್ರು.