ಅಲ್ಲಾದೀನನ ಕಥೆಯ ಕೆಳಗೆ ಯಾರ ಹೆಸರು ಬರೆಯಬೇಕು?

ಪ್ರಶ್ನೆ: ಪುಸ್ತಕದ ಕಪಾಟು

ನಮ್ಮ ಬಡಾವಣೆಯ ಮಕ್ಕಳ ಗ್ರಂಥಾಲಯದ ಗೋಡೆಗೆ ಹಾಕಲೆಂದು ಜಗತ್ತಿನ ಹೆಸರಾಂತ ಕಿನ್ನರಿ ಕಥೆಗಳ ಫಲಕಗಳನ್ನು ನಾವು ಕೆಲವರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಪ್ರತಿ ಫಲಕದಲ್ಲೂ ಕಥೆಯ ಹೆಸರು, ಒಂದು ಚಿತ್ರ ಮತ್ತು ನಾಲ್ಕು ಸಾಲಿನ ಸಾರಾಂಶ ಇದ್ದು, ಕೊನೆಯಲ್ಲಿ ಕಥೆ ಯಾರದು ಎಂಬ ಒಂದು ಸಾಲು ಬರುತ್ತದೆ. ಈ ಕೊನೆಯ ಸಾಲಿನಲ್ಲಿಯೇ ಕೆಲಸ ನಿಂತಿದೆ.

ನಿದ್ರಾಸುಂದರಿ, ಸಿಂಡರೆಲ್ಲಾ, ಹೆಬ್ಬಾತು ಕಾಯುವ ಹುಡುಗಿ ಈ ಮೂರಕ್ಕೂ ‘ಗ್ರಿಮ್ ಸಹೋದರರು’ ಎಂದು, ಅಲ್ಲಾದೀನ್ ಮತ್ತು ಅಲಿಬಾಬಾ ಕಥೆಗಳಿಗೆ ‘ಅರೇಬಿಯನ್ ನೈಟ್ಸ್’ ಎಂದು, ‘ಸುಂದರಿ ಮತ್ತು ಮೃಗ’ಕ್ಕೆ ‘ಫ್ರೆಂಚ್ ಜನಪದ ಕಥೆ’ ಎಂದು ಬರೆದು ಮುಗಿಸಬಹುದಿತ್ತು. ಆದರೆ ಜರ್ಮನಿಯ ಗ್ರಿಮ್ ಸಹೋದರರು ಈ ಕಥೆಗಳನ್ನು ತಾವೇ ಕಟ್ಟಲಿಲ್ಲ, ಬೇರೆಯವರ ಬಾಯಿಂದ ಕೇಳಿ ಬರೆದುಕೊಂಡರು ಎಂದು ನಾನು ಓದಿದ ಪುಸ್ತಕಗಳೆಲ್ಲ ಹೇಳುತ್ತವೆ. ಹಾಗಾದರೆ ಹೇಳಿದವರು ಯಾರು? ‘ಹಳ್ಳಿಯ ಮುದುಕಿಯರು’ ಎಂಬ ಸಿದ್ಧ ಉತ್ತರ ನನಗೆ ಸಮಾಧಾನ ತಂದಿಲ್ಲ. ಹೆಸರಿದ್ದವರನ್ನು ಹೆಸರೇ ಇಲ್ಲದವರಂತೆ ಮಕ್ಕಳ ಮುಂದೆ ಇಡುವುದು ಸರಿಯಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಈ ಕಥೆಗಳ ಪೈಕಿ ಯಾವುದಕ್ಕಾದರೂ ಹೇಳಿದವರ ಹೆಸರು ದಾಖಲೆಯಲ್ಲಿ ಉಳಿದಿದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಜರ್ಮನ್ ಓದುಗ

ಗ್ರಿಮ್ ಕಥೆಗಳ ಮಟ್ಟಿಗೆ ಹೆಸರುಗಳು ಉಳಿದಿವೆ, ಅದೂ ಸಾಕಷ್ಟು ಸಂಖ್ಯೆಯಲ್ಲಿ. ಅವರ ಸಂಗ್ರಹದ ಮೊದಲ ಸಂಪುಟ 1812ರಲ್ಲಿಯೂ ಎರಡನೆಯದು 1815ರಲ್ಲಿಯೂ ಹೊರಬಂದವು. ಯಾವ ಕಥೆಯನ್ನು ಯಾರಿಂದ ಕೇಳಿದೆವು ಎಂಬುದನ್ನು ಸಹೋದರರು ತಮ್ಮ ಸ್ವಂತ ಪ್ರತಿಯ ಅಂಚಿನಲ್ಲಿ ಕೈಬರಹದಲ್ಲಿ ಗುರುತು ಹಾಕಿಕೊಂಡಿದ್ದರು. ಆದರೆ ಅಚ್ಚಾದ ಟಿಪ್ಪಣಿಗಳಲ್ಲಿ ಹೇಳಿದವರ ಹೆಸರಿನ ಜಾಗದಲ್ಲಿ ಸಾಮಾನ್ಯವಾಗಿ ಕಾಣುವುದು ‘ಹೆಸ್ಸೆ ಪ್ರದೇಶದಿಂದ’, ‘ಮೈನ್ ನದಿಯ ಸೀಮೆಯಿಂದ’ ಎಂಬಂತಹ ಊರು-ಸೀಮೆಯ ಸೂಚನೆಗಳು ಮಾತ್ರ. ಕಥೆಗಳು ಒಬ್ಬೊಬ್ಬರ ಸೊತ್ತಲ್ಲ, ಇಡೀ ಜನಾಂಗದ ದನಿ ಎಂಬ ನಂಬಿಕೆ ಅವರಿಗಿತ್ತು. ಆ ನಂಬಿಕೆಗೆ ಬಿಡಿ ಹೆಸರುಗಳು ಅಡ್ಡ ಬರುತ್ತಿದ್ದವು ಎಂದು ನಾನು ತಿಳಿಯುತ್ತೇನೆ.

ಒಬ್ಬಾಕೆಯ ಹೆಸರನ್ನು ಮಾತ್ರ ಅವರು ಬಾಯಿತುಂಬ ಹೊಗಳಿ ಅಚ್ಚು ಹಾಕಿಸಿದರು. ಆಕೆ ಡೊರೊಥಿಯಾ ಫೀಮನ್. ಕಾಸೆಲ್ ನಗರದ ಬಳಿಯ ಹೆದ್ದಾರಿ ಪಕ್ಕದ ಛತ್ರವೊಂದರಲ್ಲಿ 1755ರಲ್ಲಿ ಹುಟ್ಟಿದವಳು. ಅಪ್ಪನೇ ಛತ್ರದ ಯಜಮಾನನಾದ್ದರಿಂದ ಗಾಡಿಯವರು, ಸಿಪಾಯಿಗಳು, ಊರೂರು ತಿರುಗುವ ಕಸುಬುದಾರರು ಹೇಳುವ ಕಥೆಗಳು ಎಳವೆಯಲ್ಲೇ ಆಕೆಯ ಕಿವಿಗೆ ಬಿದ್ದಿದ್ದವು. ಮುಂದೆ ಒಬ್ಬ ದರ್ಜಿಯನ್ನು ಮದುವೆಯಾಗಿ ನೀಡರ್‌ಸ್ವೇರನ್ ಎಂಬ ಹಳ್ಳಿಯಲ್ಲಿ ನೆಲೆಸಿ, ತೋಟದ ಬೆಳೆಯನ್ನು ಕಾಸೆಲ್‌ಗೆ ಹೊತ್ತು ತಂದು ಮಾರುತ್ತಿದ್ದಳು. 1813ರಲ್ಲಿ ಗ್ರಿಮ್ ಸಹೋದರರ ಪರಿಚಯವಾದ ಮೇಲೆ ಆಕೆ ಅವರಿಗೆ ಹೇಳಿದ ಕಥೆಗಳು ಸುಮಾರು ನಲವತ್ತು. ನಿಮ್ಮ ಪಟ್ಟಿಯಲ್ಲಿರುವ ‘ಹೆಬ್ಬಾತು ಕಾಯುವ ಹುಡುಗಿ’ ಆಕೆಯದೇ. ಮೊದಲು ಒಮ್ಮೆ ಸರಾಗವಾಗಿ ಹೇಳಿ, ಕೇಳಿಕೊಂಡರೆ ಮತ್ತೆ ನಿಧಾನವಾಗಿ, ಬರೆದುಕೊಳ್ಳುವವರ ಕೈ ಹಿಂದೆ ಬೀಳದಂತೆ ಹೇಳುತ್ತಿದ್ದಳೆಂದೂ, ಎಲ್ಲಿಯಾದರೂ ತಪ್ಪಿದರೆ ತಾನೇ ಕೂಡಲೇ ತಿದ್ದಿಕೊಳ್ಳುತ್ತಿದ್ದಳೆಂದೂ ಮುನ್ನುಡಿಯಲ್ಲಿದೆ. 1819ರ ಎರಡನೆಯ ಆವೃತ್ತಿಯಲ್ಲಿ ಕಿರಿಯ ತಮ್ಮ ಲುಡ್ವಿಗ್ ಎಮಿಲ್ ಗ್ರಿಮ್ ಬರೆದ ಆಕೆಯ ಭಾವಚಿತ್ರವೂ ಸೇರಿತು. ಆ ಹೊತ್ತಿಗೆ ಆಕೆ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು.

ಇಷ್ಟು ಗೌರವ ಕೊಟ್ಟ ಅದೇ ಮುನ್ನುಡಿ ಆಕೆಯನ್ನು ಅಪ್ಪಟ ಹೆಸ್ಸೆಯ ರೈತ ಹೆಂಗಸೆಂದು ಚಿತ್ರಿಸಿತು. ಆಕೆ ರೈತಳಲ್ಲ, ದರ್ಜಿಯ ಹೆಂಡತಿ. ತಂದೆಯ ಕಡೆಯವರು ಧರ್ಮದ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಬಂದ ಹ್ಯೂಗನೋ, ಅಂದರೆ ಫ್ರೆಂಚ್ ಪ್ರಾಟೆಸ್ಟೆಂಟ್, ಮನೆತನದವರು. ಸಾವಿರಾರು ಓದುಗರು ನೋಡಿದ್ದು ಆ ರೈತ ಅಜ್ಜಿಯನ್ನೇ ಹೊರತು ಛತ್ರದಲ್ಲಿ ಬೆಳೆದ ಡೊರೊಥಿಯಾಳನ್ನಲ್ಲ.

ನಿದ್ರಾಸುಂದರಿಯ ವಿಷಯ ಇನ್ನೂ ಗಮನಿಸಬೇಕಾದದ್ದು. ಅಂಚಿನ ಟಿಪ್ಪಣಿಯಲ್ಲಿ ‘ಮರೀ’ ಎಂದಷ್ಟೇ ಇತ್ತು. ಗ್ರಿಮ್ ಸಹೋದರರಲ್ಲೊಬ್ಬನಾದ ವಿಲ್ಹೆಲ್ಮ್‌ನ ಮಗ ಹರ್ಮನ್ ಗ್ರಿಮ್, ಈಕೆ ಕಾಸೆಲ್‌ನ ಔಷಧ ವ್ಯಾಪಾರಿ ವಿಲ್ಡ್ ಅವರ ಮನೆಯಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮುದುಕಿ ಮರೀ ಎಂದು ಬರೆದನು. ಹಲವು ದಶಕಗಳ ಕಾಲ ಎಲ್ಲರೂ ಅದನ್ನೇ ನಂಬಿದರು. 1975ರಲ್ಲಿ ಹೈನ್ಸ್ ರೋಲೆಕೆ ಎಂಬ ವಿದ್ವಾಂಸರು ಟಿಪ್ಪಣಿಗಳನ್ನು ಒಂದೊಂದಾಗಿ ಹೋಲಿಸಿ ನೋಡಿ, ಆ ಮರೀ ಮುದುಕಿಯೇ ಅಲ್ಲ, ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಮರೀ ಹಾಸೆನ್‌ಫ್ಲುಗ್ ಎಂಬ ಸರ್ಕಾರಿ ಅಧಿಕಾರಿಯ ಮಗಳು ಎಂದು ತೋರಿಸಿದರು. ಆಕೆಯ ತಾಯಿಯ ಮನೆತನವೂ ಹ್ಯೂಗನೋ ಮೂಲದ್ದು. ಫ್ರೆಂಚ್ ಲೇಖಕ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಗೆ ಗ್ರಿಮ್‌ರ ನಿದ್ರಾಸುಂದರಿ ಅಷ್ಟು ಹತ್ತಿರವಿರುವುದು ಈಗ ಅರ್ಥವಾಗುತ್ತದೆ. ಆಕೆಯ ತಂಗಿ ಜೆನೆಟ್ ಹೇಳಿದ ‘ಬೂಟು ಹಾಕಿದ ಬೆಕ್ಕು’ ತೀರಾ ಫ್ರೆಂಚ್ ಎನ್ನಿಸಿ ಎರಡನೆಯ ಆವೃತ್ತಿಯಲ್ಲಿ ಹೊರಬಿತ್ತು.

ಹೇಳಿದವರಲ್ಲಿ ಗಂಡಸರೂ ಇದ್ದರು. ನಿವೃತ್ತ ಸೈನಿಕ ಯೋಹಾನ್ ಫ್ರೆಡ್ರಿಕ್ ಕ್ರೌಸ ತನ್ನ ಕಥೆಗಳಿಗೆ ಪ್ರತಿಫಲವಾಗಿ ಪಡೆದದ್ದು ಹಳೆಯ ಷರಾಯಿಗಳನ್ನು.

ಉತ್ತರ: ಹಾಯಿದೋಣಿ

ಅಲ್ಲಾದೀನನ ಕಥೆಗೂ ಒಂದು ಹೆಸರಿದೆ. ಹನ್ನಾ ದಿಯಾಬ್. ಸಿರಿಯಾದ ಅಲೆಪ್ಪೊ ನಗರದ ಮರೋನೈಟ್ ಕ್ರೈಸ್ತ ಯುವಕ. ಹೆಸರು ಕೇಳಿ ಹೆಂಗಸೆಂದು ಭಾವಿಸಬೇಡಿ, ಅರಬ್ಬಿಯಲ್ಲಿ ಇದು ಗಂಡಸರ ಹೆಸರು.

‘ಸಾವಿರದ ಒಂದು ರಾತ್ರಿಗಳು’ ಎಂಬ ಅರಬ್ಬಿ ಸಂಗ್ರಹವನ್ನು ಫ್ರೆಂಚಿಗೆ ತಂದ ಆಂತ್ವಾನ್ ಗಲಾನ್‌ರ ಬಳಿಯಿದ್ದ ಹಸ್ತಪ್ರತಿಯಲ್ಲಿ ಅಲ್ಲಾದೀನನೂ ಇರಲಿಲ್ಲ, ಅಲಿಬಾಬಾನೂ ಇರಲಿಲ್ಲ. ಓದುಗರು ಇನ್ನಷ್ಟು ಕಥೆ ಬೇಡುತ್ತಿದ್ದ ಕಾಲಕ್ಕೆ, 1709ರ ಮಾರ್ಚ್ ತಿಂಗಳಲ್ಲಿ, ಪ್ಯಾರಿಸ್ಸಿನಲ್ಲಿ ಗಲಾನ್‌ರಿಗೆ ದಿಯಾಬ್ ಭೇಟಿಯಾದನು. ಪೌಲ್ ಲೂಕಾ ಎಂಬ ಪ್ರವಾಸಿ ರಾಜರ ಗ್ರಂಥಾಲಯದಲ್ಲಿ ಕೆಲಸ ಕೊಡಿಸುವ ಆಸೆ ತೋರಿಸಿ ಅವನನ್ನು ಕರೆತಂದಿದ್ದನು. ವರ್ಸೈ ಅರಮನೆಯಲ್ಲಿ ಹದಿನಾಲ್ಕನೆಯ ಲೂಯಿಯ ಮುಂದೆ, ಪಂಜರದಲ್ಲಿದ್ದ ಮರುಭೂಮಿಯ ಜಿಗಿಯುವ ಇಲಿಗಳನ್ನು ಹಿಡಿದು ನಿಂತವನೂ ಇವನೇ. ಆ ವಸಂತದಲ್ಲಿ ಅವನು ಗಲಾನ್‌ರಿಗೆ ಹದಿನಾರು ಕಥೆಗಳನ್ನು ಹೇಳಿದನು, ಗಲಾನ್ ಅವುಗಳಲ್ಲಿ ಹತ್ತನ್ನು ತಮ್ಮ ಕೊನೆಯ ಸಂಪುಟಗಳಲ್ಲಿ ಸೇರಿಸಿಕೊಂಡರು. ಮುದ್ರಿತ ಪುಸ್ತಕದಲ್ಲಿ ದಿಯಾಬನ ಹೆಸರು ಒಂದು ಕಡೆಯೂ ಇಲ್ಲ. ನಮಗೆ ಇದು ತಿಳಿದದ್ದು ಗಲಾನ್‌ರ ದಿನಚರಿಯಿಂದ.

ಆ ದಿನಚರಿಯ ಒಂದು ವಿವರವನ್ನು ನಿಮ್ಮ ಫಲಕ ಬರೆಯುವವರು ಗಮನಿಸಬೇಕು. ನಾವು ಅಲಿಬಾಬಾನದೆಂದು ಕರೆಯುವ ಕಥೆಗೆ ಅಲ್ಲಿರುವ ತಲೆಬರಹ ‘ಮೊರ್ಗಿಯಾನಾಳ ಚಾತುರ್ಯ, ಅಥವಾ ಒಬ್ಬ ದಾಸಿಯ ಜಾಣತನದಿಂದ ನಾಶವಾದ ನಲವತ್ತು ಕಳ್ಳರು’ ಎಂದು. ಬಾಗಿಲಿನ ಗುರುತನ್ನು ಕಂಡುಹಿಡಿದು, ಕುದಿಯುವ ಎಣ್ಣೆ ಹೊಯ್ದು, ಕತ್ತಿ ಹಿಡಿದು ಕುಣಿದು ಮನೆಯನ್ನು ಉಳಿಸುವವಳು ಆಕೆಯೇ ತಾನೇ? ಮುಂದೆ ಪುಸ್ತಕವಾಗುವಾಗ ಹೆಸರು ಯಜಮಾನನದಾಯಿತು. ಹೇಳಿದವನು ಕಾಣೆಯಾದಂತೆಯೇ ಕಥೆಯೊಳಗಿನ ದಾಸಿಯೂ ಹಿಂದೆ ಸರಿದಳು.

ದಿಯಾಬ್ ಬಯಸಿದ ಕೆಲಸ ಸಿಗಲಿಲ್ಲ. 1710ರಲ್ಲಿ ಅಲೆಪ್ಪೊಗೆ ಮರಳಿ ಬಟ್ಟೆ ವ್ಯಾಪಾರಕ್ಕೆ ಇಳಿದನು. ಸುಮಾರು ಎಪ್ಪತ್ತೈದರ ವಯಸ್ಸಿನಲ್ಲಿ ತನ್ನ ಪ್ರವಾಸದ ನೆನಪುಗಳನ್ನು ಬರೆದಿಟ್ಟನು. ಆ ಹಸ್ತಪ್ರತಿಯ ಮೊದಲ ಹಾಳೆಗಳು ಕಳೆದುಹೋಗಿದ್ದರಿಂದ ಅದು ವ್ಯಾಟಿಕನ್ ಗ್ರಂಥಾಲಯದಲ್ಲಿ ಕರ್ತೃವಿನ ಹೆಸರಿಲ್ಲದೆ ಉಳಿದಿತ್ತು. ಬರೆದವನು ದಿಯಾಬನೇ ಎಂದು ಗುರುತಾದದ್ದು 1993ರಲ್ಲಿ, ಫ್ರೆಂಚ್ ಅನುವಾದ ಬಂದದ್ದು 2015ರಲ್ಲಿ. ಆ ರಾತ್ರಿಗಳ ಕಥೆಗಳನ್ನು ಅನುವಾದಿಸುತ್ತಿದ್ದ ಒಬ್ಬ ವೃದ್ಧರಿಗೆ ಕೆಲವು ಕಥೆ ಕಡಿಮೆ ಬಿದ್ದಿದ್ದವು, ನನಗೆ ತಿಳಿದದ್ದನ್ನು ಹೇಳಿದೆ, ಅವರು ಬಹಳ ಸಂತೋಷಪಟ್ಟರು ಎಂಬಷ್ಟೇ ಅವನು ಅದರಲ್ಲಿ ಹೇಳಿಕೊಂಡಿದ್ದಾನೆ. ಆ ಕಥೆಗಳು ಯುರೋಪನ್ನೆಲ್ಲ ಗೆದ್ದ ಸುದ್ದಿಯ ಸುಳಿವೂ ಅಲ್ಲಿಲ್ಲ.

ಉತ್ತರ: ಕರಡು ತಿದ್ದುವವರು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತಲೇ ಒಂದು ಆಕ್ಷೇಪಣೆಯನ್ನು ಮುಂದಿಡುತ್ತೇನೆ. ‘ಗ್ರಿಮ್’ ಎಂಬುದನ್ನು ಅಳಿಸಿ ಆ ಜಾಗದಲ್ಲಿ ‘ಫೀಮನ್’ ಎಂದು ಬರೆದರೆ ಮತ್ತೊಂದು ಅನ್ಯಾಯವಾಗುತ್ತದೆ. ವಿಲ್ಹೆಲ್ಮ್ ಗ್ರಿಮ್ 1857ರ ಏಳನೆಯ ಆವೃತ್ತಿಯವರೆಗೂ ಈ ಕಥೆಗಳ ವಾಕ್ಯಗಳನ್ನು ತಿದ್ದುತ್ತ, ಸಂಭಾಷಣೆ ಸೇರಿಸುತ್ತ, ಮಕ್ಕಳಿಗೆ ಒಪ್ಪದ್ದನ್ನು ತೆಗೆಯುತ್ತ ಹೋದರು. ಗಲಾನ್‌ರ ದಿನಚರಿಯಲ್ಲಿ ಅಲಿಬಾಬಾ ಕಥೆ ಬರೀ ಸಂಕ್ಷಿಪ್ತ ರೂಪದಲ್ಲಿದೆ. ನಾವು ಓದುವ ವಿಸ್ತಾರ ಅವರ ಲೇಖನಿಯದು. ಹೇಳಿದವರ ಹೆಸರು, ಬರೆದವರ ಹೆಸರು ಎರಡೂ ಇರಬೇಕೆಂಬುದು ನನ್ನ ನಿಲುವು.

ಇನ್ನು ‘ಸುಂದರಿ ಮತ್ತು ಮೃಗ’ವನ್ನು ದಯವಿಟ್ಟು ‘ಜನಪದ ಕಥೆ’ ಎಂದು ಬರೆಯಬೇಡಿ. ಅದನ್ನು 1740ರಲ್ಲಿ ಬರೆದವರು ಗೇಬ್ರಿಯೆಲ್-ಸುಜಾನ್ ದ ವಿಲ್‌ನೇವ್. ಅವರದು ಬಹು ದೀರ್ಘವಾದ ಕಥೆ, ಹಡಗಿನಲ್ಲಿ ಸಾಗುವ ಪ್ರಯಾಣಿಕರಿಗೆ ಒಬ್ಬ ಪರಿಚಾರಿಕೆ ಹೇಳುವಂತೆ ಕಲ್ಪಿಸಿದ್ದು. ಲಂಡನ್ನಿನಲ್ಲಿ ಮನೆಪಾಠ ಹೇಳುತ್ತಿದ್ದ ಲಪ್ರಾಂಸ್ ದ ಬೋಮೋಂ 1756ರಲ್ಲಿ ಅದನ್ನು ಕೆಲವೇ ಪುಟಗಳಿಗೆ ಇಳಿಸಿ ತಮ್ಮ ಶಾಲಾಪುಸ್ತಕದಲ್ಲಿ ಸೇರಿಸಿಕೊಂಡರು, ಮೂಲ ಲೇಖಕಿಯ ಹೆಸರು ಹೇಳಲಿಲ್ಲ. ಲೋಕಕ್ಕೆ ಹರಡಿದ್ದು ಆ ಚಿಕ್ಕ ರೂಪ.

ಪ್ರಶ್ನೆ ಕೇಳಿದವರು: ಪುಸ್ತಕದ ಕಪಾಟು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಇಬ್ಬರ ಹೆಸರನ್ನೂ ಬರೆಯುವ ಸಲಹೆಯನ್ನು ಸ್ವೀಕರಿಸಿದ್ದೇವೆ. ಹೇಳಿದವರನ್ನು ಪುಸ್ತಕದಲ್ಲಿಯೇ ಗೌರವದಿಂದ ಹೆಸರಿಸಿದ ಸಂಗ್ರಾಹಕರು ಆ ಕಾಲದಲ್ಲಿ ಯಾರೂ ಇರಲಿಲ್ಲವೇ? ಸಿಂಡರೆಲ್ಲಾಳ ಬಗ್ಗೆಯೂ ತಿಳಿಯಬೇಕಿದೆ.

ಉತ್ತರ: ಬೆಳಗಾವಿಯ ಓದುಗಿ

ಇದ್ದರು. ಪಲೆರ್ಮೊ ನಗರದ ವೈದ್ಯ ಜುಸೆಪ್ಪೆ ಪಿತ್ರೆ 1875ರಲ್ಲಿ ಪ್ರಕಟಿಸಿದ ಸಿಸಿಲಿಯ ಕಥೆಗಳಲ್ಲಿ ಹೇಳಿದವರ ಹೆಸರು, ಊರು ಕಥೆಯ ಜೊತೆಗೇ ಇವೆ. ಅವರ ಮುಖ್ಯ ಕಥೆಗಾರ್ತಿ ಅಗಾತುಜ್ಜಾ ಮೆಸ್ಸಿಯಾ ಅಕ್ಷರ ಬಾರದ, ಹೊದೆಯುವ ರಜಾಯಿ ಹೊಲಿದು ಬದುಕುತ್ತಿದ್ದ ವೃದ್ಧೆ. ಪಿತ್ರೆಯನ್ನು ಕೂಸಾಗಿದ್ದಾಗ ಎತ್ತಿ ಆಡಿಸಿದವಳು.

ನಮಗೆ ಹತ್ತಿರದ ನಿದರ್ಶನವೊಂದನ್ನು ಸೇರಿಸಲೇಬೇಕು. ಮುಂಬಯಿ ಗವರ್ನರ್ ಬಾರ್ಟಲ್ ಫ್ರಿಯರ್ 1865–66ರ ಚಳಿಗಾಲದಲ್ಲಿ, ಬೆಳಗಾವಿ-ಧಾರವಾಡಗಳೂ ಸೇರಿದ್ದ ಆಗಿನ ದಕ್ಷಿಣ ಮರಾಠಾ ಸೀಮೆಯಲ್ಲಿ ಪ್ರವಾಸ ಮಾಡಿದಾಗ ಮಗಳು ಮೇರಿ ಜೊತೆಗಿದ್ದರು. ಡೇರೆಯಲ್ಲಿ ಅವರಿಗೆ ಕಥೆ ಹೇಳಿದವರು ಆಯಾ ಅನ್ನಾ ಲಿಬೆರಾಟಾ ಡಿಸೋಜಾ. ಮೇರಿ ಕಥೆಗಳನ್ನು ಬರೆದುಕೊಂಡು, ಸರಿಯಾಗಿದೆಯೇ ಎಂದು ಅನ್ನಾ ಅವರಿಗೆ ಮತ್ತೆ ಓದಿ ಹೇಳುತ್ತಿದ್ದರು. 1868ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಅನ್ನಾ ಅವರ ಬದುಕಿನ ಕಥೆಯೇ, ಅವರದೇ ಮಾತಿನಲ್ಲಿ, ಒಂದು ಅಧ್ಯಾಯವಾಗಿದೆ. ತನ್ನ ಅಜ್ಜನ ಮನೆಯವರು ಲಿಂಗಾಯತರು, ಕಲ್ಲಿಕೋಟೆಯಲ್ಲಿದ್ದವರು, ಗೋವೆಯ ಬಳಿಗೆ ಬಂದು ನೆಲೆಸಿದ ಮೇಲೆ ಅಜ್ಜ ಕ್ರೈಸ್ತನಾದನು ಎಂದು ಅವರು ಅದರಲ್ಲಿ ಹೇಳುತ್ತಾರೆ. ಆ ಕಥೆಗಳನ್ನು ಅವರಿಗೆ ಹೇಳಿಕೊಟ್ಟದ್ದು ಅಜ್ಜಿ. ಇಷ್ಟೆಲ್ಲ ಇದ್ದರೂ ಮುಖಪುಟದಲ್ಲಿ ಬಂದದ್ದು ‘ಸಂಗ್ರಹಿಸಿದವರು ಎಂ. ಫ್ರಿಯರ್’ ಎಂದು ಮಾತ್ರ. ಸ್ಥಳವಿದ್ದರೆ ಅನ್ನಾ ಅವರ ಕಥೆಗೂ ಒಂದು ಫಲಕ ಮೀಸಲಿಡಿ ಎಂದು ಪ್ರಾರ್ಥಿಸುತ್ತೇನೆ.

ಉತ್ತರ: ಜರ್ಮನ್ ಓದುಗ

ಸಿಂಡರೆಲ್ಲಾ ಕುರಿತು. ಮಾರ್ಬುರ್ಗ್ ನಗರದ ಅನಾಥಾಲಯದಂತಹ ಆಸ್ಪತ್ರೆಯಲ್ಲಿ ಆಶ್ರಯ ಪಡೆದಿದ್ದ ಒಬ್ಬ ವೃದ್ಧೆಗೆ ಒಳ್ಳೆಯ ಕಥೆಗಳು ಗೊತ್ತಿವೆ ಎಂದು ಕೇಳಿ ಗ್ರಿಮ್ ಸಹೋದರರು ಮೊದಲು ತಂಗಿ ಲೊಟ್ಟೆಯನ್ನು ಕಳುಹಿಸಿದರು. ಆ ವೃದ್ಧೆ ಬಾಯಿ ಬಿಡಲಿಲ್ಲ. ಕಥೆ ಹೇಳುತ್ತ ತಿರುಗುತ್ತಾಳೆ ಎಂಬ ಮಾತು ಬಂದರೆ ಜೊತೆಯಲ್ಲಿರುವವರ ಕಣ್ಣಿನಲ್ಲಿ ಹಗುರವಾಗುತ್ತೇನೆಂಬ ಅಂಜಿಕೆ ಆಕೆಗಿತ್ತು. ಕೊನೆಗೆ ಆಸ್ಪತ್ರೆಯ ಮೇಲ್ವಿಚಾರಕರ ಮಕ್ಕಳಿಗೆ ಹೇಳಿಸಿ, ಆ ಮಕ್ಕಳ ಮೂಲಕ ಬರೆದುಕೊಂಡರು. ಆಕೆಯ ಹೆಸರು ಎಲಿಸಬೆತ್ ಷೆಲೆನ್‌ಬರ್ಗ್ ಎಂದು ಸಂಶೋಧಕರು ಗುರುತಿಸಿದ್ದಾರೆ. ಫಲಕದಲ್ಲಿ ‘ಹೇಳಿದವರು: ಎಲಿಸಬೆತ್ ಷೆಲೆನ್‌ಬರ್ಗ್, ಮಾರ್ಬುರ್ಗ್, ಬರೆದವರು: ಗ್ರಿಮ್ ಸಹೋದರರು’ ಎಂದು ಹಾಕಬಹುದು. ಪೆರೋ ಅವರ ಫ್ರೆಂಚ್ ಸಿಂಡರೆಲ್ಲಾ ಬೇರೆಯದು; ಗಾಜಿನ ಪಾದರಕ್ಷೆ, ಕುಂಬಳಕಾಯಿಯ ಸಾರೋಟು ಅದರಲ್ಲಿ ಬರುವಂಥವು. ನಿಮ್ಮ ಚಿತ್ರದಲ್ಲಿ ಕುಂಬಳಕಾಯಿ ಇದ್ದರೆ ಕೆಳಗೆ ಪೆರೋ ಅವರ ಹೆಸರನ್ನೇ ಹಾಕಿ.