ಅಗಸಿ ಓಣಿ ಗ್ರೂಪ್: ಬೆಳೆ ಪರಿಹಾರದ ರೊಕ್ಕ

ಬಾವಿಕಟ್ಟಿ ತಮ್ಮ: ರಾತ್ರಿ ಗೊಬ್ಬರದ ಅಂಗಡಿಯಾಂವ ಬಾಗಲಾಗ ನಿಂತು ನಮ್ಮವ್ವಗ ಬಾಯಿಗೆ ಬಂದಂಗ ಬೈದು ಹೋದ. ಓಣಿ ಮಂದೆಲ್ಲ ಕೇಳೀರಿ, ಒಬ್ಬರೂ ಹೊರಗ ಬರಲಿಲ್ಲ. ಡೋಣಿ ಹೊಳಿ ನೀರಾಗ ತೊಗರಿ ಕೊಳೆತದ್ದು ಯಾರಿಗೆ ಗೊತ್ತಿಲ್ಲ? ಮ್ಯಾಲಿನ ಓಣಿಗೆ ಪರಿಹಾರ ಜಮಾ ಆತು, ನಮಗ ಯಾಕಿಲ್ಲ? ಇವತ್ತ ತಹಶೀಲ್ದಾರ ಕಚೇರಿಗೆ ಹೋಗೂದು. ಬರಾವ್ರು ಹೆಸರು ಹಾಕ್ರಿ.

ಗೌಡ್ರು: ಸರ್ವೇಕ್ಕ ಬಂದಾಗ ಹೊಲದಾಗ ನಿಂದರ್ರಿ ಅಂತ ಬಡಕೊಂಡೆ. ಯಾರ ಕೇಳಿದ್ರಿ?

ಹಿತ್ತಲಮನಿ ಕಾಕಾ: ಸರ್ವೇದವ್ರು ನಿಮ್ಮ ಪಡಸಾಲ್ಯಾಗ ಚಾ ಕುಡದು ಹೋದ್ರು ಗೌಡ್ರ. ಕೆಳಗಿನ ಹೊಲಕ್ಕ ಇಳದೇ ಇಲ್ಲ.

ಗೌಡ್ರು: ಮನಿಗೆ ಬಂದವ್ರಿಗೆ ಚಾ ಕೊಟ್ಟದ್ದೂ ತಪ್ಪಾತೇನು?

ಗೌಡ್ರು: (ಧ್ವನಿ ಸಂದೇಶ, 4 ನಿಮಿಷ)

ಗೌಡ್ರು: (ಧ್ವನಿ ಸಂದೇಶ, 6 ನಿಮಿಷ)

ಮಾಸ್ತರ್ರು: ಜಗಳ ಬಿಡ್ರಿ. ಪಟ್ಟಿ ನೋಡೀನಿ, ಸರ್ವೇ ಆಗೇದ. ನಮ್ಮ ಓಣ್ಯಾಗ ಭಾಳ ಹೊಲದ ಉತಾರ (ಪಹಣಿ) ಇನ್ನೂ ತೀರಿಕೊಂಡ ಅಜ್ಜಂದಿರ ಹೆಸರಿಗೇ ಅದಾವ. ರೊಕ್ಕ ಬರೂದು ಫ್ರೂಟ್ಸ್ ಐಡಿ, ಅಂದ್ರ ರೈತರ ನೋಂದಣಿ ನಂಬರ ಹಿಡದು, ಆಧಾರ್ ಜೋಡಿಸಿದ ಖಾತೆಕ್ಕ. ಸತ್ತವ್ರಿಗೆ ಐಡಿ ಹ್ಯಾಂಗ ಆಗ್ತದ? ಎರಡು ಬ್ಯಾಂಕಿನ್ಯಾಗ ಖಾತೆ ಇದ್ದವ್ರು ಕಡೀಕ ಆಧಾರ್ ಜೋಡಿಸಿದ ಪಾಸ್‌ಬುಕ್ ಮೊದಲ ನೋಡ್ರಿ.

ಸಂದಿಮನಿ ಅಕ್ಕ: ನಮ್ಮ ಮೈದುನರು ಪುಣೆದಾಗ ಅದಾರ, ಹೊಲದ ವಾಟ್ನಿಗೆ (ಪಾಲು ಪತ್ರಕ್ಕ) ಸಹಿ ಹಾಕವಲ್ರು. ಹೊಲ ಮಾಡಾಕಿ ನಾ. ನನಗೇನ್ ದಾರಿ ಮಾಸ್ತರ್ರ?

ಮಾಸ್ತರ್ರು: ಅಕ್ಕಾರ, ವಾಟ್ನಿ ಆಮ್ಯಾಲೆ. ಮೊದಲ ಪೌತಿ ಖಾತೆ ಮಾಡಸ್ರಿ, ಅಂದ್ರ ತೀರಿಕೊಂಡವ್ರ ಹೆಸರಿಂದ ಹೊಲ ವಾರಸದಾರರ ಹೆಸರಿಗೆ ಮಾಡಸೂದು, ವಾರಸದಾರರೆಲ್ಲಾರ ಹೆಸರೂ ಕೂಡೇ ಬರ್ತಾವ. ಮರಣ ಪ್ರಮಾಣಪತ್ರ, ವಂಶಾವಳಿ ತಗೊಂಡು ಬರ್ರಿ, ಅರ್ಜಿ ನಾ ಬರದು ಕೊಡ್ತೀನಿ.

ಟ್ರ್ಯಾಕ್ಟರ್ ಅಣ್ಣ: ನಂದು ಲಾವಣಿ ಹೊಲ, ಧಣಿ ಕಡೆಯಿಂದ ಗುತ್ತಿಗೆ ಹಿಡದದ್ದು. ಬೀಜ ನಂದು, ಗೊಬ್ಬರ ನಂದು, ಉತಾರದಾಗ ಹೆಸರು ಧಣಿದು. ರೊಕ್ಕನೂ ಅವರಿಗೇ ಬಿತ್ತು.

ಗೌಡ್ರು: ಲಾವಣಿ ಕೊಟ್ಟವ್ರು ಹೊಲಾನೂ ಬರದು ಕೊಡಬೇಕೇನು?

ಟ್ರ್ಯಾಕ್ಟರ್ ಅಣ್ಣ: ನಿಮ್ಮ ಹೆಸರು ತಗದಿಲ್ಲ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಯಾಕ ಮುಟ್ಟಿ ನೋಡ್ಕೋತೀರಿ?

ಕಿರಾಣಿ ಕಾಕಾ: (ಫಾರ್ವರ್ಡ್) ಈ ಲಿಂಕ್ ಒತ್ತಿದ ರೈತರಿಗೆ ಇವತ್ತೇ ರೊಕ್ಕ ಜಮಾ! 10 ಮಂದಿಗೆ ಕಳಸ್ರಿ!

ಮಾಸ್ತರ್ರು: ಯಾರೂ ಒತ್ತಬ್ಯಾಡ್ರಿ! ಖಾತ್ಯಾಗ ಇದ್ದದ್ದೂ ಹೋಗ್ತದ. ಕಾಕಾ, ಅದನ್ನ ಅಳಸ್ರಿ.

ಅಗಸಿ ಹುಡುಗ: ಡೋಣಿ ಹರಿದ್ರ ಓಣಿ ತುಂಬ ಕಾಳು ಅಂತಿದ್ರು. ಈಗ ಓಣಿ ತುಂಬ ಅರ್ಜಿ.

ಬಾವಿಕಟ್ಟಿ ತಮ್ಮ: ನಗಬ್ಯಾಡ್ರಿ. 2025ರ ಮಳಿಗೆ ಹೋದ ಒಣಬೇಸಾಯದ ಬೆಳಿಗೆ ಹೆಕ್ಟೇರಿಗೆ 8,500, ಅದರ ಮ್ಯಾಲ ರಾಜ್ಯ ಸರ್ಕಾರದ್ದು 8,500, ಕೂಡಿ 17,000 ಅಂದ್ರು. ಎಕರೆಕ್ಕ 6,800 ಚಿಲ್ಲರ, ಅದೂ 2 ಹೆಕ್ಟೇರ್ ತನಕಾ. ಬೀಜ, ಗೊಬ್ಬರ, ಆಳಿನ ಖರ್ಚಿಗೇ ಸಾಲಂಗಿಲ್ಲ, ಅಷ್ಟಾದ್ರೂ ಕೈಗೆ ಬರಬೇಕಲ್ಲ. ಮುಂಜಾನಿಂದ ಇಬ್ಬರೇ ಹೆಸರು ಹಾಕೀರಿ.

ಮಾಸ್ತರ್ರು: ರವಿವಾರ ಹನುಮಪ್ಪನ ಗುಡ್ಯಾಗ ಕೂಡೋಣು. ಉತಾರ, ಆಧಾರ್, ಪಾಸ್‌ಬುಕ್ ತರ್ರಿ. ಯಾರದು ಎಲ್ಲಿ ನಿಂತದ, ಒಂದೊಂದೇ ಬರಕೊಳ್ಳೋಣು.

ಗೌಡ್ರು: ಗುಡ್ಯಾಗ ಬ್ಯಾಡ, ಮದವಿ ಅದ. ನಮ್ಮ ಪಡಸಾಲಿಗೆ ಬರ್ರಿ.

ಹಿತ್ತಲಮನಿ ಕಾಕಾ: ಆ ಪಡಸಾಲಿ ನಾ ಏರಂಗಿಲ್ಲ.

ಗೌಡ್ರು: (ಧ್ವನಿ ಸಂದೇಶ, 5 ನಿಮಿಷ)

ಸಂದಿಮನಿ ಅಕ್ಕ: ಮಾಸ್ತರ್ರ, ನಾ ಕಾಗದ ತಗೊಂಡು ನಿಮ್ಮ ಮನಿಗೇ ಬರ್ತೀನಿ.

ಅಗಸಿ ಹುಡುಗ: ಕೆಳಗಿನ ಹೊಲದ ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟದ! ಹೊಗಿ ಬರಾಕತ್ತದ!

ಹಿತ್ತಲಮನಿ ಕಾಕಾ: ಅಯ್ಯೋ, ನನ್ನ ಕಬ್ಬಿಗೆ ನೀರು ಬಿಡೂದಿತ್ತು.

ಗೌಡ್ರು: ಯಾರೂ ಹತ್ರ ಹೋಗಬ್ಯಾಡ್ರಿ. ಲೈನ್‌ಮನ್‌ಗ ಫೋನ್ ಹಚ್ಚೀನಿ. ಪಂಪ್‌ಸೆಟ್ ಇದ್ದವ್ರೆಲ್ಲ ಹೆಸರು ಹಾಕ್ರಿ.

ಹಿತ್ತಲಮನಿ ಕಾಕಾ: ನಂದು ಬರಕೊಳ್ರಿ.

ಕಿರಾಣಿ ಕಾಕಾ: ನಂದೂ.

ಬಾವಿಕಟ್ಟಿ ತಮ್ಮ: ನಂದೂ ಹಾಕ್ರಿ.

ಟ್ರ್ಯಾಕ್ಟರ್ ಅಣ್ಣ: ಟಿಸಿ ಇಳಸಿದ್ರ ಒಯ್ಯಾಕ ಟ್ರಾಲಿ ನಾ ತರ್ತೀನಿ. ಡೀಸೆಲ್‌ಗೆ ರೊಕ್ಕದ ಪಟ್ಟಿ ಕೂಡಸ್ರಿ.